27 ಇಂಚಿನ ಆಸೆ

ಹೊಸ ಮಾನಿಟರ್ ಬಂತು. 27 ಇಂಚು, 1440ಪಿ, ಅಂದರೆ ಮೇಲಿಂದ ಕೆಳಗೆ 1440 ಸಾಲು ಪಿಕ್ಸೆಲ್. ಹಳೆಯದು 1080ಪಿ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಮಾತ್ರ ಅದೇ ಹಳೇ ಆರ್‌ಟಿಎಕ್ಸ್ 3060.

ರಾತ್ರಿ ಊಟ ಮುಗಿಸಿ ಸೈಬರ್‌ಪಂಕ್ 2077 ಗೇಮ್ ಹಾಕಿದೆ. ಮಳೆ ಬಿದ್ದ ರಸ್ತೆ, ಅದರಲ್ಲಿ ನಿಯಾನ್ ಬೆಳಕು. ಆಹಾ! ಆಮೇಲೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತಿದೆ ಅಂತ ತೋರಿಸುವ, ಮೂಲೆಯಲ್ಲಿದ್ದ ಅಂಕಿ ನೋಡಿದೆ. ಮೊನ್ನೆವರೆಗೂ 65ರ ಆಸುಪಾಸು ಇದ್ದದ್ದು ಈಗ 43. ಫ್ಯಾನ್ ಅಂತೂ ಮಿಕ್ಸಿ ಥರ ಕೂಗುತ್ತಿತ್ತು.

ತಪ್ಪು ಕಾರ್ಡಿನದ್ದಲ್ಲ ಬಿಡಿ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ. ಅದೇ ಎತ್ತಿಗೆ ಹತ್ತಿರ ಹತ್ತಿರ ಎರಡು ಪಟ್ಟು ಭಾರ ಹೇರಿದ್ದು ನಾನೇ ಅಲ್ವಾ?

ಕೊನೆಗೆ ಡಿಎಲ್‌ಎಸ್‌ಎಸ್ ಅನ್ನೋ ವೇಗ ಏರಿಸುವ ಸೌಲಭ್ಯವನ್ನು ಕ್ವಾಲಿಟಿ ಮೋಡ್‌ಗೆ ಹಾಕಿದೆ. ಎರಡು ಸೆಟ್ಟಿಂಗ್ ಅಲ್ಟ್ರಾದಿಂದ ಹೈಗೆ ಇಳಿಸಿದೆ. ಮತ್ತೆ 60 ದಾಟಿತು. ಫ್ಯಾನ್ ಕೂಡ ಸ್ವಲ್ಪ ತಣ್ಣಗಾಯಿತು.

ತಮಾಷೆ ಏನು ಗೊತ್ತಾ? ಆ ಮೋಡ್‌ನಲ್ಲಿ ಕಾರ್ಡ್ ನಿಜಕ್ಕೂ ಬಿಡಿಸುವುದು 960ಪಿ ಚಿತ್ರ. ಉಳಿದದ್ದು ಎಐ ತುಂಬುತ್ತದೆ. ಅಂದರೆ ಜಾಸ್ತಿ ಪಿಕ್ಸೆಲ್ ಬೇಕು ಅಂತ ದುಡ್ಡು ಸುರಿದು, ಮೊದಲಿಗಿಂತ ಕಡಿಮೆ ಪಿಕ್ಸೆಲ್ ಬಿಡಿಸಿಕೊಂಡು ಆಡುತ್ತಿದ್ದೇನೆ.

ಆದರೂ ಚೆನ್ನಾಗಿ ಕಾಣಿಸುತ್ತದೆ ಮಾರಾಯ್ರೆ. ದೂರದ ಬೋರ್ಡಿನ ಅಕ್ಷರ ಕೂಡ ಓದಬಹುದು. ಸುಮ್ನೆ ಆ ಮೂಲೆಯ ಅಂಕಿ ಆಫ್ ಮಾಡಿದೆ.