ಹಾಲಿಗೆ ಆಡು ಕಟ್ಟುವವರು ಮೊದಲು ಹೊಟ್ಟು ತುಂಬಿಸಿಡಿ

ಅಮೀನಗಡದ ಕುರಿ-ಆಡಿನ ಸಂತೆಯಲ್ಲಿ ಕೊಳ್ಳುವವರ ಕೈ ಮೊದಲು ಹೋಗುವುದು ಬೆನ್ನಿನ ಮೇಲೆ. ಆಮೇಲೆ ಸೊಂಟಕ್ಕೆ ಕೈಕೊಟ್ಟು ಎತ್ತಿ ತೂಕ ಅಳೆಯುತ್ತಾರೆ. ಕೆಚ್ಚಲು ನೋಡುವವರು ಅಪರೂಪ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಆಡು ಅಂದರೆ ಮಾಂಸದ ವ್ಯವಹಾರ. ಮರಿ ಕುಡಿದು ಉಳಿದ ಹಾಲು ಚಹಾಕ್ಕೆ, ಅಷ್ಟೇ. ಹಾಲಿಗೆಂದೇ ಮೊದಲ ಸಲ ಆಡು ತರುವವರು ಇದೇ ಕಣ್ಣಿನಿಂದ ಆರಿಸಿದರೆ ಮೈ ತುಂಬಿದ, ಹಾಲಿಲ್ಲದ ಆಡು ಮನೆಗೆ ಬರುತ್ತದೆ. ಆದರೆ ಆರಿಸುವ ಮಾತು ಆಮೇಲೆ. ಆಡಿಗಿಂತ ಮುಂಚೆ ಮೇವು ಬರಬೇಕು.

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯನ್ನು ನಂಬಿ ಆಡು ತಂದವರು ಕೆಡುತ್ತಾರೆ. ಎಲ್ಲವನ್ನೂ ಮುಟ್ಟುವುದು ನಿಜ, ತಿನ್ನುವುದು ಆರಿಸಿ. ನೆಲಕ್ಕೆ ಬಿದ್ದು ತುಳಿದ ಮೇವನ್ನು, ಮೂತ್ರದ ವಾಸನೆ ಹಿಡಿದ ಹೊಟ್ಟನ್ನು ಆಡು ಮೂಸಿ ಬಿಡುತ್ತದೆ. ಎಮ್ಮೆಯ ಹಾಗೆ ಹಾಕಿದ್ದನ್ನು ಮೇಯುವ ಪ್ರಾಣಿ ಅದಲ್ಲ. 30 ಕಿಲೋ ತೂಕದ, ಹಿಂಡುವ ಆಡಿಗೆ ದಿನಕ್ಕೆ ಸುಮಾರು 3 ಕಿಲೋ ಹಸಿ ಸೊಪ್ಪು-ಹುಲ್ಲು, ಅರ್ಧ ಕಿಲೋಗಿಂತ ತುಸು ಹೆಚ್ಚು ಒಣ ಹೊಟ್ಟು, ಮೇಲೆ ಕಾಳು-ಹಿಂಡಿ ಬೇಕು. ಎರಡು ಆಡಿಗೆ ವರ್ಷಕ್ಕೆ ಹೊಟ್ಟೇ 4 ಕ್ವಿಂಟಲ್ ದಾಟುತ್ತದೆ. ಚೆಲ್ಲುವುದನ್ನು ಸೇರಿಸಿ 5 ಕ್ವಿಂಟಲ್ ಹಿಡಿಯಿರಿ. ತೊಗರಿ ರಾಶಿ ಆಗುವ ಡಿಸೆಂಬರ್–ಜನವರಿಯಲ್ಲಿ ತೊಗರಿ ಹೊಟ್ಟು, ಅದರ ಬೆನ್ನಿಗೇ ಕಡಲೆ ಹೊಟ್ಟು ಕಣದಲ್ಲೇ ಸಿಗುತ್ತವೆ. ಆಗ ತುಂಬಿಸಿಡದೆ ಮೇ ತಿಂಗಳಲ್ಲಿ ಹುಡುಕಿದರೆ ಹಾಲಿನ ಲೆಕ್ಕವೇ ತಲೆಕೆಳಗು. ಜೋಳದ ಕಣಕಿ ಇದೆಯಲ್ಲ ಅನ್ನಬೇಡಿ: ಹಾಗೇ ಹಾಕಿದರೆ ಆಡು ಎಲೆ ಕಿತ್ತು ತಿಂದು ದಂಟು ಬಿಡುತ್ತದೆ. ಬೆರಳುದ್ದ ಕತ್ತರಿಸಿ, ಹೊಟ್ಟಿನ ಜತೆ ಕಲಸಿ ಹಾಕಿದರೆ ಒಂದಿಷ್ಟು ಹೋಗುತ್ತದೆ.

ಹಸಿಗೆ ಬದುವಿನ ಮೇಲೆ ಚೊಗಚಿ, ನುಗ್ಗೆ, ಸುಬಾಬುಲ್ ಹಚ್ಚಿ. ಸುಬಾಬುಲ್‌ನಲ್ಲಿ ಮಿಮೊಸಿನ್ ಎಂಬ ವಿಷಕಾರಿ ಅಂಶ ಇರುವುದರಿಂದ ಹಸಿ ಮೇವಿನ ಮೂರನೇ ಒಂದು ಪಾಲು ಮೀರಬಾರದು. ಕಬ್ಬಿನ ಸೀಮೆಯವರು ಕಟಾವಿನ ಹೊತ್ತಿಗೆ ಹಸಿ ಸೋಗೆಯನ್ನೇ ತಿಂಗಳುಗಟ್ಟಲೆ ಹಾಕುತ್ತಾರೆ. ಸೋಗೆಯ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ಹಾಲು ಕೊಡುವ ಆಡಿಗೆ ಬೇಕಾದ್ದೇ ಕ್ಯಾಲ್ಸಿಯಂ. ಸೋಗೆ ಹಾಕುವ ದಿನಗಳಲ್ಲಿ ಖನಿಜ ಮಿಶ್ರಣ ತಪ್ಪಿಸಬೇಡಿ, ಜತೆಗೆ ಬೇರೆ ಸೊಪ್ಪೂ ಇರಲಿ. ಸೊಪ್ಪನ್ನು ಕಟ್ಟು ಕಟ್ಟಿ ಆಡಿನ ತಲೆಯ ಎತ್ತರಕ್ಕೆ ತೂಗುಹಾಕಿ; ನೆಲಕ್ಕೆ ಎಸೆದರೆ ಅರ್ಧ ಹಾಳು.

ಕಾಳಿನ ಮಿಶ್ರಣ ಮನೆಯಲ್ಲೇ ಆಗುತ್ತದೆ. 100 ಕಿಲೋಗೆ ನುಚ್ಚು ಮಾಡಿದ ಗೋವಿನಜೋಳ 38, ಶೇಂಗಾ ಹಿಂಡಿ 25, ಗೋಧಿ ಬೂಸಾ ಅಥವಾ ತೊಗರಿ ಚುನ್ನಿ (ಬೇಳೆ ಒಡೆದಾಗ ಉಳಿಯುವ ಸಿಪ್ಪೆ-ನುಚ್ಚು) 34, ಖನಿಜ ಮಿಶ್ರಣ 2, ಉಪ್ಪು 1. ಒಂದು ಆಡಿಗೆ ಮೈ ಹಿಡಿಯಲು ದಿನಕ್ಕೆ 200–250 ಗ್ರಾಂ, ಕೊಡುವ ಪ್ರತಿ ಲೀಟರ್ ಹಾಲಿಗೆ ಇನ್ನೂ 400 ಗ್ರಾಂ, ಎರಡು ಹೊತ್ತಿಗೆ ಹಂಚಿ. ಹಿಂಡಿ ಮಳೆಗಾಲದಲ್ಲಿ ಬೂಸ್ಟು ಹಿಡಿದರೆ ದನಕ್ಕಾದರೂ ಹಾಕೋಣ ಎಂದು ಉಳಿಸಬೇಡಿ, ಅದರ ವಿಷ ಹಾಲಿಗೂ ಇಳಿಯುತ್ತದೆ. ಕುರಿಗೆಂದು ಮಾರುವ ಖನಿಜ ಮಿಶ್ರಣದಲ್ಲಿ ತಾಮ್ರ ಕಡಿಮೆ ಇರುತ್ತದೆ. ಆಡಿಗೆ ಹೆಚ್ಚು ಬೇಕು. ಚೀಲದ ಮೇಲೆ ಓದಿ ತನ್ನಿ.

ಇನ್ನು ಜಾಗ. ವಿಜಯಪುರದ ಎರೆ ನೆಲದಲ್ಲಿ ಮಳೆ ಬಿದ್ದ ಮರುದಿನ ಮನುಷ್ಯರೇ ನಡೆಯಲಾರರು, ಆಡಿನ ಗೊರಸು ಅಲ್ಲಿ ಕೊಳೆಯುತ್ತದೆ. ಒಂದು ಅಡಿ ಗರಸು ಹಾಕಿ, ಬಡಿದು, ಹಿಂದಕ್ಕೆ ಇಳಿಜಾರು ಕೊಡಿ. ದೊಡ್ಡ ಆಡೊಂದಕ್ಕೆ ನೆರಳಿನಡಿ 10–12 ಚದರ ಅಡಿ, ಅಡ್ಡಾಡಲು ಹೊರಗೆ ಅದರ ಎರಡು ಪಟ್ಟು. ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮಕ್ಕಿರಲಿ. ಬರೀ ತಗಡಿನ ಮಾಡು ಏಪ್ರಿಲ್–ಮೇ ಬಿಸಿಲಿಗೆ ಒಲೆಯಾಗುತ್ತದೆ; ಮೇಲೆ ಕಬ್ಬಿನ ರವದಿ ದಪ್ಪಗೆ ಹೊದಿಸಿ. ನೆಲದಿಂದ ಎತ್ತರಿಸಿ ಪಟ್ಟಿ ಜೋಡಿಸಿದ ಅಟ್ಟದ ನೆಲ ಮಾಡುವುದಾದರೆ ಪಟ್ಟಿಗಳ ನಡುವೆ ಒಂದೂವರೆ ಸೆಂಟಿಮೀಟರ್ ಸಂದು ಸಾಕು. ಹೆಚ್ಚಾದರೆ ಮರಿಯ ಕಾಲು ಸಿಕ್ಕುತ್ತದೆ, ಕಡಿಮೆಯಾದರೆ ಹಿಕ್ಕೆ ಕೆಳಗೆ ಬೀಳದು. ಎರಡು ಆಡಿಗೆ ಅಟ್ಟ ಬೇಕಿಲ್ಲ ಎಂಬುದು ನನ್ನ ಲೆಕ್ಕ. ಆ ದುಡ್ಡಿನಲ್ಲಿ ನಾಯಿ ನುಗ್ಗದಂಥ ನಾಲ್ಕಡಿ ಬೇಲಿ ಹಾಕಿ.

ಈಗ ಯಾವ ಆಡು ಎಂಬುದು. ಮೊಬೈಲ್‌ನಲ್ಲಿ ಉದ್ದ ಕಿವಿಯ ಜಮುನಾಪಾರಿ ನೋಡಿ ಮನಸೋಲುವವರು ಬಹಳ. ಅದು ಉತ್ತರ ಪ್ರದೇಶದ ಇಟಾವಾ ಕಡೆಯ ತಳಿ, ಮೇದು ಬೆಳೆದದ್ದು; ಮೊದಲ ಸಲ ಸಾಕುವವರ ಕೈಗೆ ಬಲು ನಾಜೂಕು. ಪಂಜಾಬಿನ ಬೀಟಲ್ ದಿನಕ್ಕೆ ಒಂದೂವರೆ–ಎರಡು ಲೀಟರ್ ಕೊಡಬಲ್ಲದು, ಮೇವೂ ಅಷ್ಟೇ ಬೇಡುತ್ತದೆ. ನಮ್ಮ ಬಿಸಿಲಿಗೆ, ಬರಕ್ಕೆ ಹೊಂದಿದ್ದು ಪಕ್ಕದ ಮಹಾರಾಷ್ಟ್ರದ ಉಸ್ಮಾನಾಬಾದಿ. ಕಪ್ಪು ಮೈ, ಅವಳಿ ಮರಿ ಹೆಚ್ಚು, ಹಾಲು ಅರ್ಧದಿಂದ ಒಂದೂವರೆ ಲೀಟರ್. ಅರ್ಧ ಲೀಟರಿನದೂ ಒಂದೂವರೆ ಲೀಟರಿನದೂ ನೋಡಲು ಒಂದೇ ತರಹ ಇರುವುದೇ ತೊಡಕು. ಆದ್ದರಿಂದ ತಳಿಯ ಹೆಸರಿಗಿಂತ ಆ ಒಂದು ಆಡಿನ ಕೆಚ್ಚಲಿಗೆ ದುಡ್ಡು ಕೊಡಿ.

ಸಂತೆಗಿಂತ ಸಾಕಿದವರ ಮನೆಗೆ ಹೋಗುವುದು ಲೇಸು. ಸಂತೆಗೆ ತರುವ ಆಡನ್ನು ಒಂದು ದಿನ ಹಿಂಡದೆ ಕೆಚ್ಚಲು ಬಿಗಿಸಿರುತ್ತಾರೆ. "ಎರಡ ಲೀಟರ್ ಹಾಲ ಕೊಡತೈತ್ರೀ" ಅಂದರೆ, "ಸಂಜಿಗೆ ಪೂರ್ತಿ ಹಿಂಡ್ರಿ, ಮುಂಜಾನಿ ಬಂದು ಮತ್ತ ನೋಡತೇವ್ರಿ" ಅನ್ನಿ. ಹನ್ನೆರಡು ತಾಸಿನ ಹಾಲು ಎದುರಿಗೇ ಅಳತೆಯಾಗುತ್ತದೆ. ಹಿಂಡಿದ ಮೇಲೆ ಕೆಚ್ಚಲು ಜೋತು ಮೆತ್ತಗಾಗಬೇಕು. ಆಗಲೂ ಗಡುಸಾಗಿದ್ದರೆ ಅದು ಮಾಂಸ, ಇಲ್ಲವೇ ಹಳೆಯ ಬಾವು. ಒಳಗೆ ಗಂಟು ತಾಕಿದರೆ, ಒಂದು ಮೊಲೆ ಮಾತ್ರ ದಪ್ಪಗಿದ್ದರೆ ಬಿಡಿ. ಎರಡೇ ಮೊಲೆ, ಎರಡೂ ಸಮ, ಬೆರಳಿನಲ್ಲಿ ಹಿಡಿಯುವಷ್ಟು ಉದ್ದ ಇರಲಿ. ಹಲ್ಲು ನೋಡಿ: ಹಾಲುಹಲ್ಲು ಬಿದ್ದು ಮುಂದೆ ಎರಡು ದೊಡ್ಡ ಹಲ್ಲು ಹಾಕಿದ್ದರೆ ಸುಮಾರು ಒಂದರಿಂದ ಒಂದೂವರೆ ವರ್ಷ, ನಾಲ್ಕು ಹಲ್ಲಿಗೆ ಎರಡು, ಎಂಟೂ ಹಾಕಿ ಬಾಯಿಗೂಡಿದ್ದರೆ ನಾಲ್ಕರ ಹತ್ತಿರ. ಮೊದಲ ಸಲ ಸಾಕುವವರಿಗೆ ನಾಲ್ಕು ಹಲ್ಲಿನ, ಎರಡನೇ ಸಲ ಈದ ಆಡು ಸರಿ. ಅದಕ್ಕೆ ಹಿಂಡಿಸಿಕೊಳ್ಳುವ ರೂಢಿ ಇರುತ್ತದೆ. ಕೆಳಗಿನ ಕಣ್ಣುರೆಪ್ಪೆ ಮಡಚಿ ನೋಡಿ, ಒಳಗೆ ಕೆಂಪಗಿರಬೇಕು. ಬಿಳಿಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು. ತೂಕದ ಬಗ್ಗೆ ಅನುಮಾನವಿದ್ದರೆ ಟೇಪು ಹಿಡಿಯಿರಿ: ಮುಂಗಾಲ ಹಿಂದೆ ಎದೆಯ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಭುಜದಿಂದ ಪೃಷ್ಠದ ಎಲುಬಿನವರೆಗಿನ ಉದ್ದದಿಂದ ಮತ್ತೆ ಗುಣಿಸಿ, 10,800ರಿಂದ ಭಾಗಿಸಿ. ಸೆಂಟಿಮೀಟರಿನಲ್ಲಿ ಸುತ್ತಳತೆ 70, ಉದ್ದ 65 ಇದ್ದರೆ ಸುಮಾರು 29 ಕಿಲೋ.

ರಕ್ತ ತೆಗೆಸಿ ಬ್ರುಸೆಲ್ಲಾ ಪರೀಕ್ಷೆ ಮಾಡಿಸದೆ ಹಾಲಿನ ಆಡು ತರಬಾರದು. ಗಬ್ಬ ಕಳೆಯುವ ಈ ರೋಗ ಹಸಿ ಹಾಲಿನಿಂದ, ಈಯುವಾಗಿನ ಮೈಲಿಗೆಯಿಂದ ಮನುಷ್ಯರಿಗೂ ಬರುತ್ತದೆ. ಬಂದರೆ ತಿಂಗಳುಗಟ್ಟಲೆ ಜ್ವರ, ಕೀಲುನೋವು. ಮನೆಯಲ್ಲಿ ಮೊದಲೇ ಆಡು-ಕುರಿ ಇದ್ದರೆ ಹೊಸದನ್ನು ಮೂರು ವಾರ ದೂರ ಕಟ್ಟಿ.

ತರುವುದು ಎರಡನ್ನು. ಒಂಟಿ ಆಡು ಹಗಲು-ರಾತ್ರಿ ಒದರುತ್ತದೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಹಾಲಿನದು: ನಮ್ಮ ಆಡುಗಳು ಈದ ಮೇಲೆ ಹಿಂಡುವುದು ನಾಲ್ಕೈದು ತಿಂಗಳು. ಗಬ್ಬದ ಅವಧಿ 150 ದಿನ, ಅದರಲ್ಲಿ ಕೊನೆಯ 60 ದಿನ ಹಿಂಡುವುದನ್ನು ಬಿಡಲೇಬೇಕು, ಹೊಟ್ಟೆಯ ಮರಿ ಬಹುಪಾಲು ಬೆಳೆಯುವುದು ಆಗಲೇ. ಎರಡು ಆಡನ್ನು ನಾಲ್ಕೈದು ತಿಂಗಳ ಅಂತರದಲ್ಲಿ ಹೋತಕ್ಕೆ ಬಿಟ್ಟರೆ ವರ್ಷದ ಹೆಚ್ಚು ದಿನ ಮನೆಯಲ್ಲಿ ಹಾಲಿರುತ್ತದೆ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ಒಂದೆರಡು ದಿನ ನಿಲ್ಲುತ್ತದೆ: ಸುಮ್ಮನೆ ಒದರುವುದು, ಬಾಲ ಅಲ್ಲಾಡಿಸುವುದು, ಮೇವು-ಹಾಲು ಕಡಿಮೆ, ಹಿಂದೆ ಲೋಳೆ. ಮುಂಜಾನೆ ಕಂಡರೆ ಸಂಜೆ ಹೋತಕ್ಕೆ ಬಿಡಿ. ಜೂನ್–ಜುಲೈನಲ್ಲಿ ಬಿಟ್ಟದ್ದು ನವೆಂಬರ್–ಡಿಸೆಂಬರ್‌ಗೆ ಈಯುತ್ತದೆ. ಮಳೆ ಮುಗಿದಿರುತ್ತದೆ, ಬದುವಿನಲ್ಲಿ ಹಸಿ ಇರುತ್ತದೆ, ಮುಂದೆ ಹೊಟ್ಟಿನ ಸುಗ್ಗಿ. ಇನ್ನೊಂದನ್ನು ತಡಮಾಡಿ ಬಿಟ್ಟರೆ ಮರಿ ಬೇಸಿಗೆಗೆ ಬರುತ್ತವೆ, ಅವಕ್ಕೆ ನೆರಳು-ನೀರಿನ ಕಾಳಜಿ ಹೆಚ್ಚು. ಎರಡು ಆಡಿಗೆ ಸ್ವಂತ ಹೋತ ಕಟ್ಟಬೇಡಿ. ಮೇವು ದಂಡ, ಅದರ ನಾತ ಹಾಲಿಗೂ ಹತ್ತುತ್ತದೆ.

ಈಯುವಾಗ ನೀರಚೀಲ ಒಡೆದು ಒಂದು ತಾಸಾದರೂ ಮರಿ ಬರದಿದ್ದರೆ ವೈದ್ಯರಿಗೆ ಹೇಳಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸೆಗೆ 1962 ಒತ್ತಿದರೆ ಸಾಕು. ಮರಿಯ ಹೊಕ್ಕುಳಿಗೆ ಅಯೋಡಿನ್ ಅದ್ದಿ. ಒಂದು ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಹೋಗಬೇಕು. 2.5 ಕಿಲೋ ಮರಿಗೆ ಮೊದಲ ದಿನ 250 ಮಿಲಿಲೀಟರ್, ನಾಲ್ಕು ಸಲಕ್ಕೆ. "ಮಾಸ ಬೀಳೋತನಕಾ ಗಿಣ್ಣ ಕುಡಸಬಾರ್ದು" ಎಂಬ ಮಾತು (ಮಾಸ ಅಂದರೆ ಈದ ಮೇಲೆ ಬೀಳುವ ಕಸ) ಇನ್ನೂ ಓಡಾಡುತ್ತಿದೆ, ಎಷ್ಟೋ ಮರಿ ಸಾಯುವುದು ಇದರಿಂದಲೇ. ರೋಗ ತಡೆಯುವ ಶಕ್ತಿ ಮರಿಗೆ ಹೊಟ್ಟೆಯಲ್ಲಿದ್ದಾಗ ಸಿಗುವುದಿಲ್ಲ, ಗಿಣ್ಣದಿಂದಲೇ ಬರಬೇಕು. ಹೊತ್ತು ಹೋದಂತೆ ಅದನ್ನು ಹೀರುವ ಕರುಳಿನ ಬಾಗಿಲು ಮುಚ್ಚುತ್ತದೆ. ಮಾಸವನ್ನು ಹನ್ನೆರಡು ತಾಸು ಕಾಯಬಹುದು, ಕೈಯಿಂದ ಎಳೆಯಬಾರದು. ಎರಡು ವಾರ ಮರಿ ಬೇಕಾದಷ್ಟು ಕುಡಿಯಲಿ. ಆಮೇಲೆ ರಾತ್ರಿ ಬೇರೆ ಕಟ್ಟಿ, ಮುಂಜಾನೆಯ ಹಾಲು ನಿಮಗೆ, ಹಗಲಿನದು ಮರಿಗೆ. ಮೂರು ತಿಂಗಳಿಗೆ ಹಾಲು ಬಿಡಿಸಿ.

ಹಿಂಡಲು ಒಂದೂವರೆ ಅಡಿ ಎತ್ತರ, ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆಯ ಕಟ್ಟೆ ಮಾಡಿಸಿ, ಮುಂದೆ ಕುತ್ತಿಗೆ ಸಿಕ್ಕಿಸುವ ಎರಡು ಪಟ್ಟಿ, ಅದರಾಚೆ ಕಾಳಿನ ಬುಟ್ಟಿ. ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಹಿಂಡಿದರೆ ಹಾಲಿನಲ್ಲಿ ಹಿಕ್ಕೆ ಬೀಳುವುದು ತಪ್ಪದು. ಕೆಚ್ಚಲನ್ನು ಬೆಚ್ಚನೆಯ ನೀರಿನಿಂದ ಒರೆಸಿ ಒಣಗಿಸಿ. ಮೊದಲ ಮೂರು-ನಾಲ್ಕು ಧಾರೆ ಕಪ್ಪು ಬಟ್ಟೆಯ ಮೇಲೆ. ಗರಣೆ, ದಾರ, ಕೆಂಪು ಕಂಡರೆ ಕೆಚ್ಚಲು ಬಾವು ಶುರುವಾಗಿದೆ, ಆ ಹಾಲು ಬೇರೆ ಚೆಲ್ಲಿ. ಹೆಬ್ಬೆರಳು-ತೋರುಬೆರಳಿನಿಂದ ಮೊಲೆಯ ಬುಡವನ್ನು ಮುಚ್ಚಿ, ಉಳಿದ ಬೆರಳನ್ನು ಒಂದರ ಕೆಳಗೊಂದು ಮಡಚುತ್ತಾ ಬನ್ನಿ. ಜಗ್ಗಬಾರದು. ಹೆಬ್ಬೆರಳನ್ನು ಒಳಗೆ ಮಡಚಿ ಗೆಣ್ಣಿನಿಂದ ಒತ್ತುವ ರೂಢಿ ಮೊಲೆಯ ಒಳಪದರವನ್ನು ನುಗ್ಗುನುಗ್ಗು ಮಾಡುತ್ತದೆ. ಮುಗಿದ ಮೇಲೆ ಮೊಲೆಯನ್ನು ಪೊವಿಡೋನ್ ಅಯೋಡಿನ್ ದ್ರಾವಣಕ್ಕೆ ಅದ್ದಿ, ಅರ್ಧ ತಾಸು ಮಲಗದಂತೆ ಮೇವು ಹಾಕಿ. ಮೊಲೆಯ ಬಾಯಿ ಮುಚ್ಚಲು ಅಷ್ಟು ಹೊತ್ತು ಬೇಕು.

ಲಸಿಕೆಗಳಲ್ಲಿ ಎರಡನ್ನು ಬಿಡುವಂತಿಲ್ಲ. ಪಿಪಿಆರ್ (ಆಡು-ಕುರಿಗಳ ಪ್ಲೇಗ್) ಲಸಿಕೆ ಮರಿಗೆ ಮೂರು-ನಾಲ್ಕು ತಿಂಗಳಾದಾಗ, ಮುಂದೆ ಮೂರು ವರ್ಷಕ್ಕೊಮ್ಮೆ. ಕರುಳುಬೇನೆಯದು ಪ್ರತಿ ವರ್ಷ ಮುಂಗಾರಿಗೆ ಮುನ್ನ. ಮೊದಲ ಸಲ ಎರಡು-ಮೂರು ವಾರಕ್ಕೆ ಇನ್ನೊಂದು. ಕಾಲುಬಾಯಿ ಬೇನೆ, ಸಿಡುಬಿನದನ್ನು ಊರಿನ ಪಶು ಆಸ್ಪತ್ರೆಯವರು ಹೇಳಿದ ಹಾಗೆ. ಜಂತಿನ ಔಷಧಿಯನ್ನು ಕುರಿಯ ಅಳತೆಯಲ್ಲಿ ಹಾಕಿದರೆ ಆಡಿಗೆ ಸಾಲದು, ಆಡಿನ ಮೈ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ. ಅರೆಬರೆ ಪ್ರಮಾಣಕ್ಕೆ ಜಂತು ಬಗ್ಗದೆ ಗಟ್ಟಿಯಾಗುತ್ತವೆ. ತೂಕ ಹೇಳಿ ವೈದ್ಯರಿಂದ ಅಳತೆ ಕೇಳಿ. ಗಬ್ಬದ ಮೊದಲ ತಿಂಗಳು ಆಲ್ಬೆಂಡಜೋಲ್ ಎಂಬ ಜಂತಿನ ಔಷಧಿ ಬೇಡ.

ದಿಢೀರನೆ ಸಾಯುವ ಆಡುಗಳದ್ದು ಬಹುತೇಕ ಹೊಟ್ಟೆಯ ಕಥೆ. ಮದುವೆ, ಜಾತ್ರೆಯಲ್ಲಿ ಉಳಿದ ಅನ್ನ, ಕಣದಲ್ಲಿ ಬಾಯಿ ಹಾಕಿದ ಜೋಳ ಹೊಟ್ಟೆಯಲ್ಲಿ ಹುಳಿಯಾಗಿ ಒಂದೇ ದಿನದಲ್ಲಿ ಕೆಡವುತ್ತವೆ. ಅಡುಗೆ ಸೋಡಾ 20–30 ಗ್ರಾಂ ನೀರಿನಲ್ಲಿ ಕದಡಿ, ತಲೆ ಮೇಲೆತ್ತದೆ, ಬಾಯಿಯ ಬದಿಯಿಂದ ನಿಧಾನ ಕುಡಿಸಿ ವೈದ್ಯರನ್ನು ಕರೆಯಿರಿ. ತಲೆ ಎತ್ತಿ ಸುರಿದರೆ ನೀರು ಪುಪ್ಪುಸಕ್ಕೆ ಹೋಗುತ್ತದೆ. ಇನ್ನೊಂದು, ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮತ್ತು ಕೊಯ್ದ ಕೂಳೆಯ ಚಿಗುರು. ಅದರಲ್ಲಿ ಸೈನೈಡ್ ಹುಟ್ಟುತ್ತದೆ; ತಿಂದ ಆಡು ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು ಬೀಳುತ್ತದೆ. ವೈದ್ಯರು ರಕ್ತನಾಳಕ್ಕೆ ಕೊಡುವ ಥಯೋಸಲ್ಫೇಟ್ ಬಿಟ್ಟರೆ ಮನೆಮದ್ದಿಲ್ಲ. ಬಲಿತು ಒಣಗಿದ ಕಣಕಿಗೆ ಈ ಭಯವಿಲ್ಲ. ಅಂಗಳದ ಕಣಗಿಲ ಗಿಡವನ್ನಂತೂ ಆಡು ಬರುವ ಮುಂಚೆಯೇ ಕಿತ್ತುಬಿಡಿ.

ಹಾಲನ್ನು ಸೋಸಿ ಕಾಯಿಸಿಯೇ ಕುಡಿಯಬೇಕು, ಹಸಿ ಹಾಲು ಅಮೃತ ಎನ್ನುವವರು ಹೇಳಿದರೂ ಸರಿ. ಕೆನೆ ಬೇಗ ಮೇಲೆ ಬರುವುದಿಲ್ಲ, ಕೊಬ್ಬಿನ ಕಣಗಳು ಸಣ್ಣವು, ಒಂದಕ್ಕೊಂದು ಅಂಟುವುದಿಲ್ಲ. ಬೆಣ್ಣೆ-ತುಪ್ಪದ ಆಸೆಯಿದ್ದರೆ ಎಮ್ಮೆ ಕಟ್ಟಿ. ಮೊಸರೂ ತೆಳ್ಳಗೆ ಹೆಪ್ಪಾಗುತ್ತದೆ. ಹಾಲಿನ ಡೇರಿಗೆ ಹಾಕುವ ದಾರಿ ಇಲ್ಲ, ಗಿರಾಕಿಗಳನ್ನು ಓಣಿಯಲ್ಲೇ ಹುಡುಕಿಕೊಳ್ಳಬೇಕು. ಡೆಂಗಿ ಹಬ್ಬಿದಾಗ ಅವರೇ ಹುಡುಕಿಕೊಂಡು ಬರುತ್ತಾರೆ, ಕೇಳಿದಷ್ಟು ಕೊಡುತ್ತಾರೆ. ಆಡಿನ ಹಾಲಿನಿಂದ ಪ್ಲೇಟ್‌ಲೆಟ್ ಏರುತ್ತದೆ ಎಂಬುದಕ್ಕೆ ಆಧಾರವಿಲ್ಲ ಎಂದು ಹೇಳಿಯೇ ಮಾಮೂಲಿ ದರಕ್ಕೆ ಕೊಡಿ. ತಾಯಿಹಾಲಿನ ಬದಲಿಗೆ ಕೂಸಿಗೆ ಕುಡಿಸಲು ಕೇಳಿದರೆ ಮಾತ್ರ ಕೊಡಬೇಡಿ. ಆಡಿನ ಹಾಲಿನಲ್ಲಿ ಫೋಲೇಟ್ ಬಹಳ ಕಡಿಮೆ, ಅದೊಂದನ್ನೇ ಕುಡಿದ ಕೂಸಿಗೆ ರಕ್ತಹೀನತೆ ಬರುತ್ತದೆ.