ಕ್ಯಾಮೆರಾ ಇನ್ನೂ ಬ್ಯಾಗಿನಲ್ಲೇ ಇದೆ

ಒಂದು ಫೋಟೊ ಪ್ರದರ್ಶನಕ್ಕಾಗಿ ಮೂರು ಭಾನುವಾರದಿಂದ ಬೆಂಗಳೂರಿನ ಉತ್ತರದ ಅಂಚಿನ ಟಾರ್ಪಾಲಿನ್ ಶೆಡ್ಡುಗಳಿಗೆ ಹೋಗಿಬರುತ್ತಿದ್ದೇನೆ. ಯಾವ ಬಡಾವಣೆ ಅಂತ ಬರೆಯುವುದಿಲ್ಲ. ಅಲ್ಲಿರುವವರು ಮ್ಯಾನ್ಮಾರ್‌ನ ರಖೈನ್ ರಾಜ್ಯದಿಂದ ಓಡಿಬಂದ ರೋಹಿಂಗ್ಯಾ ನಿರಾಶ್ರಿತರು. ನಾವು ಎಸೆದ ಕಸದಿಂದ ಪ್ಲಾಸ್ಟಿಕ್ ಆರಿಸಿ ಬದುಕುತ್ತಾರೆ.

ಕಳೆದ ವಾರ ಒಬ್ಬಾಕೆ ಅಕ್ಕಿಡಬ್ಬದ ತಳದಿಂದ ಒಂದು ಕವರ್ ತೆಗೆದರು. ಅದರೊಳಗೆ ಇನ್ನೊಂದು ಕವರ್, ಅದರೊಳಗೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೊಟ್ಟ ಕಾರ್ಡು. ದುಪಟ್ಟಾದಿಂದ ಒರೆಸಿ ತೋರಿಸಿ, ಮತ್ತೆ ಹಾಗೇ ಸುತ್ತಿಟ್ಟರು. ನನಗೆ ಬೇಕಾದ ಮೊದಲ ಚಿತ್ರ ಆ ಕೈಗಳದು. ಹೆಸರು, ಸಂಖ್ಯೆ ಯಾವುದೂ ಕಾಣಕೂಡದು.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅದಕ್ಕೆ ಪೂರಕವಾದ 1967ರ ಪ್ರೋಟೊಕಾಲ್‌ಗೂ ಇಲ್ಲ. ಕಾರ್ಡು ಕೈಯಲ್ಲಿದ್ದರೂ ಬಂಧನದ ಭಯ ತಪ್ಪಿದ್ದಲ್ಲ. ಹಿಂದೊಮ್ಮೆ ಕಟ್ಟಡ ಕಾರ್ಮಿಕರೊಬ್ಬರ ಫೋಟೊವನ್ನು ಕೇಳದೆ ಹಾಕಿಬಿಟ್ಟಿದ್ದೆ. ತೆಗೆಯಿರಿ ಅಂತ ಅವರು ಫೋನಿನಲ್ಲಿ ಅಂಗಲಾಚಿದ ದನಿ ಇವತ್ತಿಗೂ ಕಿವಿಯಲ್ಲಿದೆ. ಹಾಗಾಗಿ ಈ ಸಲ ಒಪ್ಪಿಗೆ ಪ್ರತಿ ಚಿತ್ರಕ್ಕೂ, ಅವರದೇ ಭಾಷೆಯಲ್ಲಿ. ಪ್ರದರ್ಶನದ ಹಿಂದಿನ ರಾತ್ರಿ ಬೇಡ ಎಂದರೂ ಬೇಡವೇ. ಕ್ಯಾಮೆರಾ, ಫೋನು ಎರಡರಲ್ಲೂ ಲೊಕೇಶನ್ ಆಫ್.

ಮೈಸೂರು ಜಿಲ್ಲೆಯ ಬೈಲಕುಪ್ಪೆಗೂ ಹೋಗಬೇಕು. 1960ರ ದಶಕದ ಆರಂಭದಲ್ಲಿ ಟಿಬೆಟಿಯನ್ ನಿರಾಶ್ರಿತರಿಗೆ ಅಲ್ಲಿ ನೆಲ ಕೊಟ್ಟದ್ದು ನಮ್ಮದೇ ರಾಜ್ಯ. ಅಲ್ಲಿನ ಹಿರಿಯರ ಚಿತ್ರಗಳನ್ನೂ ಈ ಶೆಡ್ಡುಗಳ ಚಿತ್ರಗಳನ್ನೂ ಎದುರುಬದುರು ತೂಗುಹಾಕುವ ಆಸೆ ನನ್ನದು.

ಬರುವ ಭಾನುವಾರ ಪುಟ್ಟ ಪ್ರಿಂಟರ್ ಒಯ್ಯುತ್ತೇನೆ. ಆಕೆ ಕೇಳಿರುವುದು ಮಗಳದೊಂದು ಫೋಟೊ, ಅಕ್ಕಿಡಬ್ಬದಲ್ಲಿ ಇಟ್ಟುಕೊಳ್ಳಲಿಕ್ಕೆ.