ಎಡಗಡೆಯ ಕೋರೆಹಲ್ಲು

"ನೀವು ಬಲಗೈಯವರು, ಅಲ್ಲವೇ?" ಎಂದು ಕೇಳಿದರು ದಂತವೈದ್ಯೆ.

ನನ್ನ ಎರಡೂ ಕೈಗಳು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಿದ್ದವು. ನಾನು ಅವರೆದುರು ಒಂದಕ್ಷರವನ್ನೂ ಬರೆದಿರಲಿಲ್ಲ. ಮೇಲ್ಸಾಲಿನ ಎಡಗಡೆಯ ಕೋರೆಹಲ್ಲನ್ನು ನೋಡಿಯೇ ಹೇಳಿಬಿಟ್ಟರು. ಬಲಗೈಯಲ್ಲಿ ಬ್ರಷ್ ಹಿಡಿಯುವವರ ರಭಸವೆಲ್ಲ ಹೆಚ್ಚಾಗಿ ಎಡಗಡೆಗೇ ಬೀಳುತ್ತದಂತೆ. ಅದರಲ್ಲೂ ಹಲ್ಲಿನ ಸಾಲು ತಿರುಗುವ ಮೂಲೆಯಲ್ಲಿ ಮುಂದಕ್ಕೆ ಉಬ್ಬಿ ನಿಂತ ಕೋರೆಹಲ್ಲಿಗೆ ಪೆಟ್ಟು ಜಾಸ್ತಿ. ಒಸಡು ಹುಟ್ಟಿನಿಂದಲೇ ತೆಳುವಾಗಿದ್ದರೆ ಮುಗಿಯಿತು. ನನ್ನದು ತೆಳು.

ಸಿಕ್ಕಿಬಿದ್ದ ಕಳ್ಳನಂತಾಯಿತು ನನ್ನ ಸ್ಥಿತಿ. ಇದುವರೆಗೆ ಒಂದು ಹಲ್ಲೂ ಹುಳುಕಾಗಿಲ್ಲ ಎಂದು ಬೀಗುತ್ತಿದ್ದವಳು ನಾನು. ದಿನಕ್ಕೆರಡು ಸಲ ಪಾತ್ರೆ ತಿಕ್ಕಿದಂತೆ ಉಜ್ಜುತ್ತಿದ್ದೆ. ತಿಂಗಳೊಳಗೆ ಬ್ರಷ್ ಸವೆದರೆ ಅದೂ ನನ್ನ ಶ್ರದ್ಧೆಯ ಲೆಕ್ಕಕ್ಕೇ ಸೇರುತ್ತಿತ್ತು. ವೈದ್ಯೆ ಗೆರೆಗಳಿದ್ದ ತೆಳ್ಳನೆಯ ಕಡ್ಡಿಯನ್ನು ಹಲ್ಲಿಗಿಟ್ಟು ಅಳೆದರು: ಒಸಡು ನಾಲ್ಕು ಮಿಲಿಮೀಟರ್ ಮೇಲೆ ಸರಿದು ಬೇರು ಕಾಣುತ್ತಿದೆ. ತಣ್ಣೀರು ತಾಗಿದರೆ ಜುಮ್ಮೆನ್ನುತ್ತಿದ್ದುದು ಅದಕ್ಕೇ.

"ಮತ್ತೆ ಬೆಳೆಯುವುದಿಲ್ಲವೇ?"

"ತಾನಾಗಿ ಬೆಳೆಯುವುದಿಲ್ಲ. ತಂದು ಹಾಕಬೇಕು."

"ಎಲ್ಲಿಂದ?"

ಕನ್ನಡಿಯ ಹಿಂಬದಿಯಿಂದ ನನ್ನ ಅಂಗುಳನ್ನು ಮೆಲ್ಲಗೆ ತಟ್ಟಿದರು. "ಇಲ್ಲಿಂದ."

ಕಸಿ ಎಂದರೆ ನನಗೆ ಗುಲಾಬಿ ಗಿಡದ ವಿಷಯವಾಗಿತ್ತು. ಇಲ್ಲಿ ಒಂದೇ ಬಾಯಿಯಲ್ಲಿ ಒಂದು ಕಡೆಯಿಂದ ಕಸಿದು ಇನ್ನೊಂದು ಕಡೆ ಕಸಿ ಮಾಡುತ್ತಾರೆ. ಅಂಗುಳಿನ ಮೇಲ್ಪದರವನ್ನು ಕದದಂತೆ ತೆರೆದು, ಒಳಗಿನ ಅಂಗಾಂಶದ ತೆಳು ಪಟ್ಟಿಯೊಂದನ್ನು ತೆಗೆದು, ಕದ ಮುಚ್ಚಿ ಹೊಲಿಯುತ್ತಾರೆ. ಪಟ್ಟಿಯನ್ನು ಬೇರಿನ ಮೇಲಿಟ್ಟು, ಅಲ್ಲಿಯ ಒಸಡನ್ನು ಸಡಿಲಿಸಿ ಅದರ ಮೇಲೆ ಎಳೆದು ಹೊದಿಸುತ್ತಾರೆ. ಮೇಲ್ಪದರದ ಸಮೇತ ಕತ್ತರಿಸಿ ಅಂಟಿಸುವ ಹಳೆಯ ವಿಧಾನವೂ ಇದೆ. ಒಸಡು ಗಟ್ಟಿಯಾಗುವುದೇನೋ ನಿಜ, ಆದರೆ ಬಣ್ಣ ಹೊಂದದೆ ತೇಪೆ ಹಾಕಿದಂತೆ ಕಾಣುತ್ತದೆ. ಅಂಗುಳಿಗೆ ಕತ್ತರಿಯೇ ಬೇಡವೆಂದರೆ ದಾನಿಯ ಚರ್ಮದಿಂದ ಜೀವಕೋಶಗಳನ್ನೆಲ್ಲ ತೆಗೆದು ಸಿದ್ಧಪಡಿಸಿದ ಹಾಳೆ ಉಂಟು, ಹಂದಿಯ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನದೂ ಉಂಟು. ಆದರೆ ಬೇರು ಚೆನ್ನಾಗಿ ಮುಚ್ಚುವುದರಲ್ಲಿ ಸ್ವಂತ ಅಂಗುಳಿನದೇ ಮೇಲು ಎಂದು ವೈದ್ಯೆ ನೇರವಾಗಿ ಹೇಳಿದರು. ಹೀಗೆ ನೇರವಾಗಿ ಹೇಳುವವರನ್ನು ಕಂಡರೆ ನನಗೆ ಭಯ, ಗೌರವ ಎರಡೂ.

ಅಣ್ಣನಿಗೆ ಫೋನಿನಲ್ಲಿ ಇದೆಲ್ಲವನ್ನೂ ವಿವರಿಸಿದೆ. ಅವನ ಕಿವಿಗೆ ಬಿದ್ದದ್ದು "ಹಂದಿ" ಒಂದೇ. ಮೂರು ದಿನಗಳಿಂದ ಅದನ್ನೇ ಹಿಡಿದುಕೊಂಡಿದ್ದಾನೆ. ನಮ್ಮವರದು ಇನ್ನೊಂದು ರಾಗ: "ನೋವಿಲ್ಲವಲ್ಲ, ಸುಮ್ಮನಿರು." ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಸರಿದ ಒಸಡು ಅಲ್ಲಿಗೇ ನಿಂತಿದ್ದರೆ ಕಾದು ನೋಡಬಹುದಿತ್ತು. ನನ್ನದು ನಿಂತಿಲ್ಲ, ವೈದ್ಯೆ ಹಿಂದಿನ ವರ್ಷದ ಚಿತ್ರವನ್ನು ಪಕ್ಕದಲ್ಲಿಟ್ಟು ತೋರಿಸಿದರು. 1985ರಲ್ಲಿ ಮಿಲ್ಲರ್ ಎಂಬ ವೈದ್ಯರು ಇಂಥ ಒಸಡುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದರಂತೆ. ಹಲ್ಲುಗಳ ನಡುವಿನ ಮೂಳೆ ಉಳಿದಿದ್ದರೆ ಮೊದಲೆರಡು ವರ್ಗ, ಬೇರು ಪೂರ್ತಿ ಮುಚ್ಚುವ ಭರವಸೆ ಉಂಟು. ಮೂಳೆಯೂ ಕರಗಿದ್ದರೆ ಆ ಭರವಸೆ ಇಲ್ಲ. ನನ್ನ ಮೂಳೆ ಇನ್ನೂ ಉಳಿದಿದೆ.

ಹೊಸ ಜಾಗಕ್ಕೆ ಹೋದ ಪಟ್ಟಿಗೆ ಮೊದಲ ಒಂದೆರಡು ದಿನ ಸ್ವಂತ ರಕ್ತನಾಳವಿರುವುದಿಲ್ಲ. ಸುತ್ತಲಿನಿಂದ ಒಸರುವ ದ್ರವದಲ್ಲೇ ಬದುಕಿರಬೇಕು. ಆಗ ಅದು ಅಲುಗಿದರೆ ಕೆಟ್ಟಿತು. ಹಾಗಾಗಿ ಸುಮಾರು ಎರಡು ವಾರ ಆ ಜಾಗಕ್ಕೆ ಬ್ರಷ್ ತಾಗಿಸುವಂತಿಲ್ಲ, ಔಷಧಿಯ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು ಅಷ್ಟೆ. ಅಂಗುಳಿನ ಗಾಯಕ್ಕಿಂತ ನನಗೆ ಈ ಮಾತೇ ಹೆಚ್ಚು ದಿಗಿಲು ಹುಟ್ಟಿಸಿತು. ಉಜ್ಜದೆ ಇರುವುದು ಹೇಗೆ? ಉಜ್ಜಿ ಉಜ್ಜಿಯೇ ಅಲ್ಲವೇ ನಾನು ಅಚ್ಚುಕಟ್ಟಿನ ಹೆಂಗಸು ಎನಿಸಿಕೊಂಡದ್ದು? ಮನೆಯ ನೆಲವನ್ನೂ ಮಗಳ ಅಕ್ಷರವನ್ನೂ ಹೀಗೆಯೇ ತಿಕ್ಕಿದ್ದೇನೆ. ಅವೆಲ್ಲ ಎಷ್ಟು ಮಿಲಿಮೀಟರ್ ಸರಿದಿವೆಯೋ, ಅಳೆಯುವ ಕಡ್ಡಿಯಿಲ್ಲ.

ನೀವು ಬಲಗೈಯವರು, ಅಲ್ಲವೇ?

ನಿನ್ನೆ ರಾತ್ರಿ ಹೊಸ ಮೃದು ಬ್ರಷ್ಷನ್ನು ಎಡಗೈಗೆ ಕೊಟ್ಟು ನೋಡಿದೆ. ಗಲ್ಲದ ತುಂಬ ನೊರೆ. ಪಕ್ಕದಲ್ಲಿ ನಿಂತಿದ್ದ ಮಗಳು ನಕ್ಕು, ತನ್ನ ಬ್ರಷ್ಷನ್ನು ಲೋಟಕ್ಕೆ ಹಾಕಿ ಹೊರಟುಹೋದಳು. ಕೊಂಡು ಮೂರು ವಾರವೂ ಆಗಿಲ್ಲ. ಅದರ ಎಳೆಗಳೆಲ್ಲ ಎರಡು ಬದಿಗೂ ಮಲಗಿದ್ದವು.